ತಂಬಾಕಿಗೆ ವಹಿ ಇತ್ತು, ಧೂಳಿಗೆ ಇರಲಿಲ್ಲ

ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಸರಕಾರಕ್ಕೆ ನಿಜವಾದ ಆಸಕ್ತಿ ಹುಟ್ಟಿದ್ದು 1943ರಲ್ಲಿ. ಯುದ್ಧದ ಕಾಲ, ಖಜಾನೆಗೆ ಹಣ ಬೇಕಿತ್ತು. ತಂಬಾಕಿನ ಮೇಲೆ ಅಬಕಾರಿ ಸುಂಕ ಬಿತ್ತು. ಮರುವರ್ಷದ ಕೇಂದ್ರ ಅಬಕಾರಿ ಕಾಯ್ದೆ ಅದನ್ನು ಬಿಗಿ ಮಾಡಿತು. ರೈತ ಎಷ್ಟು ಎಕರೆ ತಂಬಾಕು ಹಚ್ಚಿದ್ದೇನೆಂದು ಬರೆಸಬೇಕು, ವ್ಯಾಪಾರಿ ಲೈಸೆನ್ಸ್ ತೆಗೆಯಬೇಕು, ಚೀಲ ಊರು ದಾಟಬೇಕಾದರೆ ಪರವಾನಗಿ ಚೀಟಿ ಬೇಕು. ಸುಂಕ ಕಟ್ಟದ ಮಾಲು ಬಾಂಡ್ ವಖಾರಿಯಲ್ಲೇ ಇರಬೇಕು. ಒಳಗೆ ಬಂದದ್ದು, ಹೊರಗೆ ಹೋದದ್ದು, ಒಣಗಿ ತೂಕ ಇಳಿದದ್ದು, ಎಲ್ಲಕ್ಕೂ ವಹಿ. ಕೆಲಸಕ್ಕೆ ಬಾರದ ಕಸವನ್ನು ಸುಡುವುದಿದ್ದರೂ ಅಬಕಾರಿ ಇನ್‌ಸ್ಪೆಕ್ಟರ್ ಎದುರಿಗೇ ಸುಡಬೇಕಿತ್ತು. ಸಂಸ್ಕರಿಸದ ತಂಬಾಕಿನ ಮೇಲಿನ ಸುಂಕ 1979ರಲ್ಲಿ ರದ್ದಾಗುವ ತನಕ ಈ ಲೆಕ್ಕ ತಪ್ಪಲಿಲ್ಲ.

ನನ್ನ ಅವ್ವ ಅಂಥದೊಂದು ವಖಾರಿಯಲ್ಲಿ ಸಾಣಿಗಿ ಹಿಡಿದವಳು. ಚಳಿಗಾಲದಲ್ಲಿ ಕೊಯ್ದು ಹೊಲದಲ್ಲೇ ಒಣಗಿಸಿದ ಬೀಡಿ ತಂಬಾಕು ಚಕ್ಕಡಿ, ಟ್ರಕ್ಕುಗಳಲ್ಲಿ ಬಂದು ಬೀಳುತ್ತಿತ್ತು. ಅದನ್ನು ಬಡಿಗೆಯಿಂದ ಬಡಿದು, ದಂಟು ಬೇರೆ, ಜರದಾ ಬೇರೆ ಮಾಡಿ, ಸಾಣಿಸಿ, ಬೇರೆ ಬೇರೆ ಊರಿನ ಮಾಲು ಬೆರೆಸಿ ಚೀಲ ತುಂಬುವುದು. ಚೀಲ ಹೊರುವವರು ಗಂಡಸರು, ಬಡಿಯುವವರು ಸಾಣಿಸುವವರು ಹೆಂಗಸರು. ಗಾಳಿಗೆ ಜರದಾ ಹಾರಬಾರದು, ಎಲೆಯ ಹಸಿ ಆರಬಾರದು ಎಂದು ಖಿಡಕಿ ಮುಚ್ಚಿಯೇ ಇರುತ್ತಿದ್ದವು. ಮುಖಕ್ಕೆ ಸುತ್ತಿದ ಸೆರಗು ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ. ಹೊಸದಾಗಿ ಬಂದ ಹುಡುಗಿಯರಿಗೆ ತಲೆ ತಿರುಗಿ ವಾಂತಿಯಾದರೆ ಹಳಬರು, “ಆಕಿಗೆ ತಂಬಾಕ ಹತ್ತೈತಿ, ಒಂದ್ ಚೂರ ಬೆಲ್ಲಾ ಕೊಡ್ರಿ” ಎನ್ನುತ್ತಿದ್ದರಂತೆ. ಡಾಕ್ಟರು, ಔಷಧ ಎರಡೂ ಆ ಬೆಲ್ಲವೇ. ಸಂಜೆ ಅವ್ವ ಮನೆಗೆ ಬಂದು ಸೀರೆ ಝಾಡಿಸಿದರೆ ಅಂಗಳದಲ್ಲಿದ್ದ ನಾವೆಲ್ಲ ಸೀನುತ್ತಿದ್ದೆವು.

ಆ ವಾಂತಿಯ ಕಾರಣ ನನಗೆ ತಿಳಿದದ್ದು ರಸಾಯನಶಾಸ್ತ್ರ ಓದಿದ ಮೇಲೆ. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೊಸೆಲ್ಟ್ ಮತ್ತು ರೈಮನ್ ತಂಬಾಕಿನಿಂದ ಬೇರ್ಪಡಿಸಿದ ನಿಕೋಟಿನ್ ಶುದ್ಧ ರೂಪದಲ್ಲಿ ಬಣ್ಣವಿಲ್ಲದ ಎಣ್ಣೆಯಂಥ ದ್ರವ, ಘೋರ ವಿಷ. ಉಸಿರಿನಿಂದ ಒಳಗೆ ಹೋಗುತ್ತದೆ, ಬೆವರಿದ ಚರ್ಮದಿಂದಲೂ ಇಳಿಯುತ್ತದೆ. ಬೀಡಿ ತಂಬಾಕಿನಲ್ಲಿ ಅದು ಸಿಗರೇಟಿನ ತಂಬಾಕಿಗಿಂತ ಹೆಚ್ಚು. ಚಿಕ್ಕೋಡಿಯ ಕಾಲೇಜಿನಲ್ಲಿ ಈ ಪಾಠ ಮಾಡುವಾಗ ಎದುರಿಗೆ ಕೂತ ಮಕ್ಕಳಲ್ಲಿ ವಖಾರಿಯ ಮನೆಗಳಿಂದ ಬಂದವರು ಇದ್ದೇ ಇರುತ್ತಿದ್ದರು. ನಾನು ಅವರಿಗೆ ಸೂತ್ರ ಬರೆದು ತೋರಿಸುತ್ತಿದ್ದೆ, ಅವರು ಲಕ್ಷಣ ಹೇಳುತ್ತಿದ್ದರು.

ಹಾಗಾದರೆ ಕಾನೂನು ಇರಲಿಲ್ಲವೆ? ಇತ್ತು. 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮು ಸ್ಪಷ್ಟವಾಗಿತ್ತು: ಹಾನಿಕರ ಧೂಳು ಏಳುವ ಕಡೆ ಮಾಲೀಕ ಅದನ್ನು ತಡೆಯಬೇಕು, ಯಂತ್ರದಿಂದ ಎಳೆದು ತೆಗೆಯಬೇಕಾದರೆ ಆ ಯಂತ್ರ ಧೂಳು ಏಳುವ ಜಾಗದ ಹತ್ತಿರವೇ ಇರಬೇಕು. ಆದರೆ ವಖಾರಿ ಕಾರ್ಖಾನೆಯೇ ಅಲ್ಲ, ಇಲ್ಲಿ ಏನೂ ತಯಾರಾಗುವುದಿಲ್ಲ ಎಂಬ ವಾದ ತಂಬಾಕಿನ ನಾಡಿನಲ್ಲಿ ಬಹಳ ದಿನ ನಡೆಯಿತು. ಆಂಧ್ರದ ಏಲೂರಿನ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಎಲೆಗೆ ನೀರು ಚಿಮುಕಿಸಿ, ದಂಟು ಬಿಡಿಸಿ, ಕಟ್ಟುವುದೂ ತಯಾರಿಕೆಯೇ, ಆದ್ದರಿಂದ ಅದು ಕಾರ್ಖಾನೆಯೇ ಎಂದು 1969ರಲ್ಲಿ ಕೋರ್ಟು ಹೇಳಿತು.

ಅಷ್ಟರಲ್ಲಿ ಬೀಡಿ ತಂಬಾಕಿನ ದಾರಿಯೇ ಬೇರೆಯಾಗಿತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದಿತ್ತು. ಲೈಸೆನ್ಸ್ ಕಡ್ಡಾಯ, ದಿನಕ್ಕೆ ಒಂಬತ್ತೇ ತಾಸು ಕೆಲಸ, ಕುಡಿಯುವ ನೀರು, ಶೌಚಾಲಯ, ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಕೂಸುಗಳಿಗೆ ಕೋಣೆ, ಸಂಜೆ ಏಳರ ನಂತರ ಹೆಂಗಸರಿಗೆ ಕೆಲಸ ಇಲ್ಲ. ಒಳ್ಳೆಯ ಕಾಯ್ದೆ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಮಾಲೀಕರು ಪ್ರಶ್ನಿಸಿದಾಗ 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಆದರೆ ಅದರ 38ನೇ ಕಲಮು, ಕಾರ್ಖಾನೆ ಕಾಯ್ದೆಯ ಸುರಕ್ಷತೆಯ ಅಧ್ಯಾಯ ಮತ್ತು ಇನ್ನೊಂದು ಕಲಮು ಬಿಟ್ಟು ಉಳಿದದ್ದೆಲ್ಲ ಇಂಥ ಜಾಗಗಳಿಗೆ ಅನ್ವಯಿಸದು ಎಂದಿತು. ಧೂಳಿನ 14ನೇ ಕಲಮು ಇದ್ದದ್ದು ಆರೋಗ್ಯದ ಅಧ್ಯಾಯದಲ್ಲಿ. ಅದು ಹೊರಗೆ ಬಿತ್ತು. ಅದರ ಜಾಗಕ್ಕೆ ಬಂದ ಹೊಸ ಕಲಮಿನಲ್ಲಿ, ಧೂಳು ಹಾನಿಕರ ಎನ್ನಿಸಿದರೆ ಅಧಿಕಾರಿ ಕ್ರಮ ತೆಗೆದುಕೊಳ್ಳಲು ಮಾಲೀಕನಿಗೆ ಹೇಳಬಹುದು ಎಂದಷ್ಟೇ ಇತ್ತು. ಮಾಲೀಕನ ಹೊಣೆ ಅಧಿಕಾರಿಯ ಇಚ್ಛೆಯಾಯಿತು. ಬೀಡಿ ಕೆಲಸಗಾರರ ಕಾನೂನಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಷ್ಟ ನನಗೆ ಕಾಣುವುದಿಲ್ಲ. ಅವ್ವನ ವಖಾರಿಯಲ್ಲಿ ಧೂಳು ಅಳೆಯಲು ಯಾರೂ ಬಂದದ್ದನ್ನು ಅವಳು ಕಂಡಿರಲಿಲ್ಲ.

ಪೂರ್ವಕ್ಕೆ, ಕೃಷ್ಣೆಯ ದಂಡೆಗೆ ಹೋದರೆ ಚಿತ್ರವೇ ಬೇರೆ. ಈಗಿನ ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಲ್ಲೇ ಉಗಾರ ಶುಗರ್ ವರ್ಕ್ಸ್ ಹುಟ್ಟಿತು. ಆಮೇಲೆ ರಾಯಬಾಗ, ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳಲ್ಲೂ ಸಕ್ಕರೆ ಕಾರ್ಖಾನೆಗಳೆದ್ದವು. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಅಲ್ಲಿ ಕೆಮಿಸ್ಟ್ ಆದರು. ಕಬ್ಬಿನ ಹಾಲು ತಿಳಿಮಾಡಲು ಸುಣ್ಣ ಹಾಕಿ ಗಂಧಕದ ಹೊಗೆ ಹಾಯಿಸುತ್ತಾರೆ. ಆ ಅನಿಲ ಸೋರಿದರೆ ಕಣ್ಣು, ಗಂಟಲು ಸುಡುತ್ತವೆ. ಅಲ್ಲಿ ಬಾಯ್ಲರ್ ಇತ್ತು, 1923ರ ಬಾಯ್ಲರ್ ಕಾಯ್ದೆಯ ಪ್ರಕಾರ ಇನ್‌ಸ್ಪೆಕ್ಟರ್ ಬಂದು ಪ್ರಮಾಣಪತ್ರ ಕೊಡದೆ ಅದನ್ನು ಉರಿಸುವಂತಿರಲಿಲ್ಲ. ಭೋಪಾಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಹೊಸ ಅಧ್ಯಾಯ ಸೇರಿದಾಗ 29 ಉದ್ಯಮಗಳ ಪಟ್ಟಿಯಲ್ಲಿ ಡಿಸ್ಟಿಲರಿಗಳೂ ಬಂದವು. ಸ್ಫೋಟಿಸುವುದನ್ನು ಕಾನೂನು ಕಂಡಿತು. ತಂಬಾಕಿನ ವಖಾರಿ ಆ ಪಟ್ಟಿಯಲ್ಲಿ ಇರಲಿಲ್ಲ.

ನಿಕೋಟಿನ್ ಮಾತ್ರ ಪಟ್ಟಿಗಳಲ್ಲಿದೆ. ಪರಿಸರ ಕಾಯ್ದೆಯಡಿ 1989ರಲ್ಲಿ ಬಂದ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಅನುಸೂಚಿಯಲ್ಲಿ ನಿಕೋಟಿನ್ ಹೆಸರೂ ನಿಕೋಟಿನ್ ಸಲ್ಫೇಟಿನ ಹೆಸರೂ ಇವೆ. ಕೀಟನಾಶಕವಾಗಿದ್ದ ನಿಕೋಟಿನ್ ಸಲ್ಫೇಟಿನ ಬಳಕೆಯನ್ನು 1992ರಲ್ಲಿ ದೇಶದೊಳಗೆ ನಿಷೇಧಿಸಿ, ರಫ್ತಿಗೆ ಮಾತ್ರ ತಯಾರಿಸಲು ಬಿಟ್ಟರು. ಪೀಪಾಯಿಯಲ್ಲಿದ್ದಾಗ ಅಪಾಯಕಾರಿ ರಾಸಾಯನಿಕ. ಅದೇ ವಸ್ತು ಧೂಳಾಗಿ ಹೆಣ್ಣುಮಕ್ಕಳ ಎದೆಗಿಳಿದಾಗ ಬರೇ ವಖಾರಿಯ ಕಸ.

ಬದಲಾವಣೆ ಬಂದದ್ದು ಹೆಂಗಸರಿಂದಲೇ. ನಿಪ್ಪಾಣಿ ಎಂದಾಕ್ಷಣ ಎಲ್ಲರೂ ನೆನೆಯುವುದು 1981ರ ರೈತ ಚಳವಳಿ: ಶರದ ಜೋಶಿಯವರ ಮುಂದಾಳುತನ, ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಧರಣಿ, ಏಪ್ರಿಲ್ 6ರ ಗೋಲಿಬಾರು, ಸತ್ತ ರೈತರು. ನೆನೆಯಬೇಕಾದದ್ದೇ. ಆದರೆ ಅದೇ ಕಾಲಕ್ಕೆ ಪ್ರೊ. ಸುಭಾಷ ಜೋಶಿಯವರ ಜೊತೆಗೂಡಿ ವಖಾರಿಯ ಹೆಂಗಸರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಡಿ ಸಂಘಟಿತರಾದದ್ದು ಕಡಿಮೆ ಜನಕ್ಕೆ ಗೊತ್ತು. ಕೂಲಿ, ತಾಸು, ಮೇಸ್ತ್ರಿಗಳ ಕೈ-ಬಾಯಿಯ ಕಾಟ, ಎಲ್ಲವನ್ನೂ ಅವರು ಬಾಯಿಬಿಟ್ಟು ಹೇಳಿದರು, ಕೆಲಸ ನಿಲ್ಲಿಸಿದರು. 1982ರಲ್ಲಿ ದೀಪಾ ಧನರಾಜ್ ಮತ್ತು ಸಂಗಡಿಗರ ಯುಗಾಂತರ ತಂಡ ಇಲ್ಲಿಗೆ ಬಂದು, ಈ ಹೆಂಗಸರ ಜೊತೆ ಕೂತು, ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಧೂಳಿನ ನಡುವೆ ಸೆರಗು ಸುತ್ತಿ ಕೂತ ಆ ಮುಖಗಳಿಗೆ ಇರುವ ಉತ್ತಮ ದಾಖಲೆ ಅದೇ. ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಅದನ್ನು ಪುನರುಜ್ಜೀವಗೊಳಿಸಿ ಕಾಪಾಡಿದೆ. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಅದನ್ನು ತೋರಿಸಬೇಕು.

2025ರ ನವೆಂಬರ್ 21ರಿಂದ 1948ರ ಕಾಯ್ದೆಯೂ 1966ರ ಕಾಯ್ದೆಯೂ ಔದ್ಯೋಗಿಕ ಸುರಕ್ಷತೆ, ಆರೋಗ್ಯದ ಹೊಸ ಸಂಹಿತೆಯೊಳಗೆ ಸೇರಿಹೋಗಿವೆ. ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಇದ್ದರೆ ಮೊದಲು ಹತ್ತು ಜನ ಸಾಕಿತ್ತು, ಈಗ ಇಪ್ಪತ್ತು ಬೇಕು. ವಿದ್ಯುತ್ ಇಲ್ಲದಿದ್ದರೆ ಇಪ್ಪತ್ತಿದ್ದದ್ದು ನಲವತ್ತಾಗಿದೆ. ಸಣ್ಣ ವಖಾರಿಗಳ ಬಗ್ಗೆ ನನ್ನ ಆತಂಕ ಅದೇ. ನಿಗದಿತ ವಯಸ್ಸಿನ, ವರ್ಗದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಮಾತೂ ಅದರಲ್ಲಿದೆ. ಅದನ್ನು ಬಿಡದೆ ಹಿಡಿಯಬೇಕು. ಕಾರ್ಮಿಕ ಇಲಾಖೆಯವರಲ್ಲಿ ನನ್ನ ವಿನಂತಿ ಇಷ್ಟೆ: ತಂಬಾಕಿನ ಕೆಲಸದವರನ್ನು, ವಯಸ್ಸು ಎಷ್ಟೇ ಇರಲಿ, ಆ ತಪಾಸಣೆಗೆ ಸೇರಿಸಿ, ಶ್ವಾಸಕೋಶದ ಊದುವ ಪರೀಕ್ಷೆ ಮಾಡಿಸಿ, ಸಾಣಿಗಿಯ ಪಕ್ಕದಲ್ಲೇ ಧೂಳು ಅಳೆದು, ಅಂಕಿಯನ್ನು ವಖಾರಿಯ ಬಾಗಿಲಲ್ಲಿ ಕನ್ನಡ ಮತ್ತು ಮರಾಠಿಯಲ್ಲಿ ಬರೆದು ಹಚ್ಚಿರಿ.