ಮಾರೊಚೆಟ್ಟಿಯ ಕುದುರೆ, ಕಾನ್ಪುರದ ದೇವದೂತೆ

ಬೆಂಗಳೂರಿನ ಹೈಕೋರ್ಟಿನ ಮುಂದೆ ಕುದುರೆಯೇರಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಪಾರ್ಕಿನೊಳಕ್ಕೆ ಸಾಗಿಸಲಾಯಿತು. ಅದನ್ನು ಮಾಡಿದವನ ಹೆಸರು ಬಲ್ಲವರು ವಿರಳ. ಆತ ಕಾರ್ಲೊ ಮಾರೊಚೆಟ್ಟಿ. 1805ರಲ್ಲಿ ಇಟಲಿಯ ಟುರಿನ್‌ನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಬೆಳೆದವನು. 1848ರ ಕ್ರಾಂತಿಯಲ್ಲಿ ದೊರೆ ಲೂಯಿ ಫಿಲಿಪ್ ಪಟ್ಟ ಕಳೆದುಕೊಂಡಾಗ ಲಂಡನ್ ಸೇರಿ, ವಿಕ್ಟೋರಿಯಾ ರಾಣಿಯ ಮೆಚ್ಚುಗೆ ಗಳಿಸಿದ. ಕುದುರೆ ಸವಾರರನ್ನು ಕಂಚಿನಲ್ಲಿ ನಿಲ್ಲಿಸುವುದರಲ್ಲಿ ಅವನದು ಪಳಗಿದ ಕೈ. ಬ್ರಿಟಿಷ್ ಪಾರ್ಲಿಮೆಂಟಿನ ಬಳಿಯ ರಿಚರ್ಡ್ ದೊರೆ (ಸಲಾಹುದ್ದೀನ್ ಅಯ್ಯೂಬಿಯ ಎದುರಾಳಿ ಇವನೇ) ಅವನ ಕೆಲಸವೇ. ಕಬ್ಬನ್ ಪ್ರತಿಮೆ ಬೆಂಗಳೂರಿನಲ್ಲಿ ನಿಂತದ್ದು 1866ರಲ್ಲಿ. ಮರುವರ್ಷ ಮಾರೊಚೆಟ್ಟಿ ತೀರಿಕೊಂಡ.

ಅವನ ಇನ್ನೊಂದು ಕೆಲಸ ನಮ್ಮನ್ನು ಹೆಚ್ಚು ಕಾಡುತ್ತದೆ. 1857ರಲ್ಲಿ ಕಾನ್ಪುರದ ಬೀಬಿಘರ್‌ನಲ್ಲಿ ಕೊಲೆಯಾದ ಇಂಗ್ಲಿಷ್ ಹೆಂಗಸರು, ಮಕ್ಕಳನ್ನು ಎಸೆದ ಬಾವಿಯ ಮೇಲಿದ್ದ ಅಮೃತಶಿಲೆಯ ದೇವದೂತೆಯನ್ನು ಕೆತ್ತಿದವನೂ ಅವನೇ. ಅಲ್ಲಿ ನಡೆದದ್ದು ಜುಲುಮೆ ಎನ್ನಲು ನಮಗೆ ಹಿಂಜರಿಕೆಯಿಲ್ಲ. ಆದರೆ ಆ ತೋಟದಲ್ಲಿ ಭಾರತೀಯರಿಗೆ ಮುಕ್ತ ಪ್ರವೇಶವಿರಲಿಲ್ಲ. 1858ರಲ್ಲಿ ನಮ್ಮ ಅಳವಂಡಿ ಸೀಮೆಗೆ ಹತ್ತಿರದ ಮುಂಡರಗಿಯ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಮಡಿದ. ಸೆರೆಸಿಕ್ಕ ಅನೇಕರನ್ನು ಗುಂಡಿಕ್ಕಿ ಕೊಂದರು. ಅವರ ತಾಯಂದಿರ ದುಃಖಕ್ಕೆ ಶಿಲ್ಪಿಯನ್ನು ಗೊತ್ತುಮಾಡುವವರು ಯಾರಿದ್ದರು?

ಸ್ವಾತಂತ್ರ್ಯಾನಂತರ ಆ ದೇವದೂತೆಯನ್ನು ಬಾವಿಯ ಮೇಲಿಂದ ತೆಗೆದು ಕಾನ್ಪುರದ ಸ್ಮಾರಕ ಚರ್ಚಿನ ಅಂಗಳಕ್ಕೆ ಸಾಗಿಸಿದರು.