ಸುಣ್ಣ, ನೀಲಿಯ ಬಾನಿ, ಹಳಸಿದ ಡಬ್ಬಿ

ಇಳಕಲ್ಲಿನ ನಮ್ಮ ತವರುಮನೆಗೆ ವರ್ಷಕ್ಕೆರಡು ಸಲ ಸುಣ್ಣ. ಯುಗಾದಿಯದು ಸಣ್ಣ ಕೈ, ಮಾನೌಮಿಯದು ದೊಡ್ಡದು. ಮಾನೌಮಿಗೆ ಹಾಸಿಗೆ, ಕೌದಿ, ಜಮಖಾನೆಗಳೆಲ್ಲ ಒಗೆತಕ್ಕೆಂದು ಹಳ್ಳಕ್ಕೆ ಹೋದ ಮೇಲೆ ಮನೆ ಬರಿದಾಗುತ್ತಿತ್ತು. ಪಡಸಾಲೆಯ ಕುಣಿಮಗ್ಗ ಮಾತ್ರ ಎಲ್ಲಿಗೂ ಹೋಗುವಂತಿಲ್ಲ. ಹಳೆಯ ಸೀರೆಗಳನ್ನು ಮಡಿಚಿ ಅದಕ್ಕೆ ಹೊದಿಸುತ್ತಿದ್ದರು. ಸುಣ್ಣದ ಹನಿ ತಾಗಿದರೆ ರೇಷ್ಮೆಯ ಎಳೆ ಸತ್ತಿತೆಂದೇ ಲೆಕ್ಕ. ಹಿಂದಿನ ದಿನ ಹಿತ್ತಲ ಹರವಿಯಲ್ಲಿ ಕಲ್ಲಸುಣ್ಣ ಹಾಕಿ ನೀರು ಬಿಟ್ಟರೆ ಅದು ಕೊತಕೊತ ಕುದಿಯುತ್ತಿತ್ತು. ಸಿಡಿದರೆ ಕಣ್ಣು ಹೋಗುತ್ತದೆಂದು ಮಕ್ಕಳನ್ನು ದೂರವಿಡಲು ಅಜ್ಜಿ ಕೋಲು ಹಿಡಿದು ಕೂರುತ್ತಿದ್ದಳು. ಆರಿದ ಮೇಲೆ ಅರಿವೆಯಲ್ಲಿ ಸೋಸಿ, ಹಿಡಿ ಉಪ್ಪು, ಚೂರು ನೀಲಿ, ಒಂದಿಷ್ಟು ಗಂಜಿ. ಗೋಡೆಯ ಬುಡಕ್ಕೆ ಮೊಳದೆತ್ತರ ಹುರಮಂಜಿನ ಪಟ್ಟಿ.

ಗಂಜಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗೋಡೆಗೆ ಒರಗಿದವರ ಬೆನ್ನಿಗೆಲ್ಲ ಸುಣ್ಣ ಅಂಟದಿರಲೆಂದು ಅದರಲ್ಲಿ ಏನಾದರೂ ಅಂಟು ಸೇರಿಸುವುದು ರೂಢಿ. ಅನುಕೂಲಸ್ಥರು ಗೋಂದು ತರಿಸುತ್ತಿದ್ದರು. ಬಡಿಗೇರರ ಕಡೆಯಿಂದ ಸರಸು ತಂದು ಕರಗಿಸುವವರೂ ಇದ್ದರು; ಅದು ಚರ್ಮ, ಮೂಳೆ ಕುದಿಸಿ ತೆಗೆದ ಅಂಟಾದ್ದರಿಂದ ಎಷ್ಟೋ ಮನೆಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾವು ನೇಕಾರರು, ನಮಗೆ ಗಂಜಿಗೇನು ಬರ? ಮಗ್ಗದ ಹಾಸಿನ ನೂಲಿಗೆ ಹಚ್ಚಿ ಉಳಿದ ಗಂಜಿಯೇ ಸುಣ್ಣಕ್ಕೂ ಆಗುತ್ತಿತ್ತು. ಆದರೆ ಹಾಕುವ ಮೊದಲು ಅಜ್ಜಿ ಗಡಿಗೆಗೆ ಮೂಗು ಒಡ್ಡುತ್ತಿದ್ದಳು. “ಹುಳಿ ಹೊಡದೈತಿ, ಎಮ್ಮಿಗಿ ಸುರೀರಿ” ಎಂದರೆ ಮುಗಿಯಿತು. ಹೊಸ ಗಂಜಿ ಕಾಯಿಸುವವರೆಗೆ ಕುಂಚ ಮೇಲೇಳುತ್ತಿರಲಿಲ್ಲ.

ಮುಂದೆ ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದೆ. ಸುಣ್ಣದ ತಿಳಿನೀರಿನ ಪಿಎಚ್ 12ಕ್ಕೂ ಮೇಲೆ, ಅದರಲ್ಲಿ ಕೊಳೆಸುವ ಜೀವಿಗಳು ಬದುಕುವುದಿಲ್ಲ ಎಂದು ಹಲಗೆಯ ಮೇಲೆ ಬರೆಯುವಾಗ ಅಜ್ಜಿಯ ಹರವಿ ನೆನಪಾಗುತ್ತಿತ್ತು. ಹಸನಾದ ಗಂಜಿ ಒಮ್ಮೆ ಸುಣ್ಣಕ್ಕೆ ಬಿತ್ತೆಂದರೆ ಹುಳಿಯುವ ಭಯವಿಲ್ಲ. ಅಪಾಯವಿದ್ದದ್ದು ಅದಕ್ಕಿಂತ ಮೊದಲು, ಗಡಿಗೆಯಲ್ಲಿದ್ದಾಗ. ಅಲ್ಲಿಗೇ ಅವಳು ಮೂಗಿನ ಕಾವಲು ಹಾಕಿದ್ದಳು.

ಆ ಸುಣ್ಣಕ್ಕೆ ದೂರ ಹೋಗಬೇಕಿರಲಿಲ್ಲ. ಬಾಗಲಕೋಟೆ, ಕಲಾದಗಿ, ಲೋಕಾಪುರದ ನೆಲದಡಿ ಸುಣ್ಣಕಲ್ಲು ಹಾಸಿಕೊಂಡಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ದಕ್ಷಿಣ ಮರಾಠಾ ಸೀಮೆಯನ್ನೆಲ್ಲ ತಿರುಗಿ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಲ್ಲಿಯ ಶಿಲೆಗಳಿಗೆ ಕಲಾದಗಿಯ ಹೆಸರನ್ನೇ ಕೊಟ್ಟ. ಆಗ ಕಲಾದಗಿ ಜಿಲ್ಲೆಯ ಮುಖ್ಯ ಊರು. 1885ರಲ್ಲಿ ಕಚೇರಿಗಳು ವಿಜಾಪುರಕ್ಕೆ ಎದ್ದು ಹೋದವು, ಹೆಸರು ಕಲ್ಲಿಗೆ ಉಳಿಯಿತು. ಈ ಸುಣ್ಣಕಲ್ಲಿನಲ್ಲಿ ಅಲ್ಲಲ್ಲಿ ಈರುಳ್ಳಿ ಕೊಯ್ದಂತೆ ಪದರಪದರ ಗೆರೆ ಕಾಣುತ್ತವೆ, ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಮನೆಗಳವು. ಸೂಕ್ಷ್ಮಜೀವಿಗಳು ಕಟ್ಟಿದ ಕಲ್ಲನ್ನು ಸುಟ್ಟು ಸೂಕ್ಷ್ಮಜೀವಿಗಳನ್ನೇ ಕೊಲ್ಲುವ ಸುಣ್ಣ ಮಾಡಿದ್ದು ನಮ್ಮ ಸುಣಗಾರರ ಕಸುಬು. ಭಟ್ಟಿ 900 ಡಿಗ್ರಿ ಸೆಲ್ಸಿಯಸ್ ಸುತ್ತ ಕಾಯಬೇಕು. ನೂರು ಕೆ.ಜಿ. ಶುದ್ಧ ಕಲ್ಲಿನಲ್ಲಿ 44 ಕೆ.ಜಿ. ಗಾಳಿಯಾಗಿ ಹಾರಿ 56 ಕೆ.ಜಿ. ಸುಣ್ಣ ಉಳಿಯುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ನಮ್ಮ ಪಡಸಾಲೆಯ ಗೋಡೆಯ ಮೇಲೆ ವರ್ಷಕ್ಕೆರಡು ಪದರದ ಲೆಕ್ಕದಲ್ಲಿ ಕಲಾದಗಿಯ ಬಂಡೆ ಬೆಳೆಯುತ್ತಿತ್ತು ಎಂದರೆ ತಪ್ಪಾಗದು.

ಬಾದಾಮಿಯನ್ನು ಬಿಟ್ಟು ನಮ್ಮ ಸೀಮೆಯ ಗೋಡೆಯ ಕಥೆ ಹೇಳಲಾಗದು. ಅಲ್ಲಿಯ ಮೂರನೆಯ ಗುಹೆಯನ್ನು ಚಾಲುಕ್ಯರ ಮಂಗಳೇಶ 578ರಲ್ಲಿ ಮುಗಿಸಿದ್ದಕ್ಕೆ ಶಾಸನವಿದೆ. ಜನ ಎತ್ತರದ ವಿಷ್ಣುವನ್ನು ನೋಡಿ, ಫೋಟೊ ತೆಗೆದುಕೊಂಡು, ಮಂಗಗಳಿಗೆ ಹೆದರಿ ಕೆಳಗಿಳಿಯುತ್ತಾರೆ. ಚಾವಣಿಯಂಚಿನ ಒಳಬಾಗಿಗೆ ಕತ್ತೆತ್ತಿದವರಿಗೆ ಮಾತ್ರ ಮಾಸಿದ ಚಿತ್ರಗಳ ಚೂರು ಕಾಣುತ್ತವೆ. 1930ರ ದಶಕದಲ್ಲಿ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ಅವುಗಳ ಬಗ್ಗೆ ಬರೆದ ಮೇಲೆಯೇ ವಿದ್ವಾಂಸರ ಗಮನ ಅತ್ತ ಹರಿದದ್ದು. ಮರಳುಗಲ್ಲಿನ ಮೇಲೆ ತೆಳು ಗಾರೆ, ಅದರ ಮೇಲೆ ಬಣ್ಣ. ಕಣ್ಣಿಗೆ ಅಷ್ಟಾದರೂ ಉಳಿದಿದೆ. ಆ ಗಾರೆ ಹಸಿಯಿದ್ದಾಗ ಗುಹೆ ಏನು ನಾರುತ್ತಿತ್ತು, ಯಾವ ಅಂಟು ಹುಳಿಯಿತೆಂದು ಯಾರು ಯಾರನ್ನು ಬೈದರು ಎಂಬುದನ್ನು ಯಾವ ಶಾಸನವೂ ಕೆತ್ತಿಲ್ಲ. ಹೀಗಾಗಿ ವಾಸನೆಯ ಚರಿತ್ರೆ ಬೇಕಾದವರು ಗುಡಿಗಳನ್ನು ಬಿಟ್ಟು ಓಣಿಗಳಿಗೆ ಬರಬೇಕು.

ನೀಲಗಾರರ ಓಣಿಗೆ, ಮುಖ್ಯವಾಗಿ. ಹುನಗುಂದ ತಾಲ್ಲೂಕಿನ ನೇಕಾರಿಕೆಯೆಲ್ಲ ಒಂದು ಕಾಲಕ್ಕೆ ನೀಲಗಾರರ ಬಾನಿಯ ಮೇಲೆ ನಿಂತಿತ್ತು. ನೀಲಿ ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಬಾನಿಯೊಳಗೆ ಗಾಳಿಯಾಡದಂತೆ ಹುದುಗು ಹುಟ್ಟಬೇಕು. ನೀಲಿಯ ಉಂಡೆ, ಸುಣ್ಣ, ಬೇಯಿಸಿದ ತಗಚೆ ಬೀಜ ಹಾಕಿ ದಿನಗಟ್ಟಲೆ ಬಿಟ್ಟರೆ ಒಳಗಿನ ಸೂಕ್ಷ್ಮಜೀವಿಗಳು ನೀಲಿಯನ್ನು ಹಳದಿಹಸಿರು ನೀರಾಗಿಸುತ್ತವೆ. ನೂಲು ಅದ್ದಿ ಮೇಲೆತ್ತಿದಾಗ ಹಸಿರು. ಗಾಳಿ ತಾಗಿದಂತೆ ಕಣ್ಣೆದುರೇ ನೀಲಿ. ಆ ಬಾನಿಯ ನಾತ ಹೊಸಬರಿಗೆ ತಡೆಯಲಾಗದ್ದು. ನೀಲಗಾರನಿಗೆ ಅದೇ ಮಾಪಕ. ಒಂದು ಬಗೆಯ ನಾತ ಬಂದರೆ ಬಾನಿ ಹದಕ್ಕೆ ಬಂದಿದೆ, ಇನ್ನೊಂದು ಬಗೆಯದಾದರೆ ಕೆಟ್ಟಿದೆ, ಸುಣ್ಣ ಬೇಡುತ್ತಿದೆ. ನಾಲಗೆಗೆ ತಾಗಿಸಿ ನೋಡುವವರೂ ಇದ್ದರು. ಥರ್ಮಾಮೀಟರಿಲ್ಲ, ಲಿಟ್ಮಸ್ ಇಲ್ಲ. ಕೆಟ್ಟ ವಾಸನೆಗಳಲ್ಲೇ ಒಳ್ಳೆಯದು ಯಾವುದೆಂದು ಬಲ್ಲ ಮೂಗಿತ್ತು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ಪ್ರಯೋಗಾಲಯವೆಂಬುದು ಇಂಗ್ಲಿಷರೊಡನೆ ಬಂದದ್ದಲ್ಲ ಎಂದು ಸೇರಿಸುತ್ತಿದ್ದೆ.

1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಕಾರ್ಖಾನೆಯಲ್ಲಿ ಮಾಡಿದ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದೆ ನೂಲು ಬಣ್ಣಗಟ್ಟುವ ರಾಸಾಯನಿಕಗಳೂ ಬಂದು ಬಾನಿಗಳು ಒಂದೊಂದೇ ಬರಿದಾದವು. ಅಜ್ಜಿ ಸುಣ್ಣಕ್ಕೆ ಹಾಕುತ್ತಿದ್ದ ನೀಲಿಯಂತೂ ಬೇರೆಯದೇ ಕುಲ. ಫ್ರಾನ್ಸಿನ ಗಿಮೆ 1820ರ ದಶಕದಲ್ಲಿ ಕಂಡುಹಿಡಿದ ಕೃತಕ ಅಲ್ಟ್ರಾಮರೀನ್ ಅದು, ಬಟ್ಟೆಗೂ ಗೋಡೆಗೂ ಆಗುತ್ತಿತ್ತು. ಸುಣ್ಣದ ಕ್ಷಾರದಲ್ಲಿ ಅದು ಕದಲುವುದಿಲ್ಲ. ಆಮ್ಲದ ಹನಿ ಬಿದ್ದರೆ ಮಾತ್ರ ಬಣ್ಣ ಹೋಗಿ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ. ಕಾಲೇಜಿನಲ್ಲಿ ಇದನ್ನು ಮಾಡಿ ತೋರಿಸಿದ ದಿನ ಹಿಂದಿನ ಬೆಂಚಿನವರೂ ಪಾಠ ಕೇಳುತ್ತಿದ್ದರು.

ಕಾರ್ಖಾನೆಯ ನೀಲಿ ಬಂದ ಹೊತ್ತಿಗೇ ಸುಣ್ಣ ಸರ್ಕಾರದ ಕೈಗೂ ಹೋಯಿತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯನ್ನು ಹಿಂಡಿತು. ನಮ್ಮ ತಾಲ್ಲೂಕುಗಳೂ ಮುಂಬಯಿ ಇಲಾಖೆಯಲ್ಲೇ ಇದ್ದವು. ಇಲಾಖೆಯ ಕ್ರಮವೆಂದರೆ ರೋಗದ ಮನೆಯನ್ನು ಬರಿದು ಮಾಡುವುದು, ರಸಕರ್ಪೂರದ ನೀರೋ ಕಾರ್ಬಾಲಿಕ್ ಆಮ್ಲವೋ ಸಿಂಪಡಿಸುವುದು, ಮೇಲೆ ಸುಣ್ಣ. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹಬ್ಬದ ವಾಸನೆಯಾಗಿದ್ದ ಸುಣ್ಣ ಆ ವರ್ಷಗಳಲ್ಲಿ ಸಾವಿನ ಮನೆಯ ಗುರುತಾಗಿರಬೇಕು. ಆದರೂ ಹಬ್ಬದ ಸುಣ್ಣ ನಿಲ್ಲಲಿಲ್ಲವೆಂಬುದೇ ಆಶ್ಚರ್ಯ.

ಬಾಗಲಕೋಟೆಗೆ ಸೊಸೆಯಾಗಿ ಬಂದ ಮೇಲೆ ಯುಗಾದಿಯ ಸುಣ್ಣಕ್ಕೆ ಬೇರೊಂದು ಕಾರಣ ಕಂಡೆ. ಇಲ್ಲಿಯ ಹೋಳಿ ಹೆಸರಾದದ್ದು. ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಯ ಹಲಗೆ ಮೇಳಗಳು, ಬಂಡಿಗಳಲ್ಲಿ ಬ್ಯಾರಲ್ಲುಗಟ್ಟಲೆ ಬಣ್ಣ. ಅದೆಲ್ಲ ಮುಗಿದಾಗ ಬೀದಿಯ ಗೋಡೆ ನೋಡುವಂತಿರುತ್ತಿರಲಿಲ್ಲ. ಹದಿನೈದು ದಿನಕ್ಕೆ ಯುಗಾದಿ. ಮಾವನವರು ಹೊರಗೋಡೆಗೆ ಸುಣ್ಣವನ್ನೇ ಇಟ್ಟುಕೊಂಡು ಒಳಗೆ ಮಾತ್ರ ಡಿಸ್ಟೆಂಪರಿಗೆ ಹೊರಳಿದ್ದರು. ಅವರ ಕಾಲದ ಡಿಸ್ಟೆಂಪರಿನಲ್ಲಿ ಸೀಮೆಸುಣ್ಣದ ಪುಡಿ, ಬಣ್ಣ, ಅಂಟು. ಆ ಅಂಟು ಸರಸೋ ಹಾಲಿನ ಕೇಸಿನ್ನೋ ಆಗಿರುತ್ತಿದ್ದರಿಂದ ಆಷಾಢದಲ್ಲಿ ಮಾಳಿಗೆ ಸೋರಿ ಗೋಡೆ ನೆನೆದರೆ ಕೋಣೆ ನಾರುತ್ತಿತ್ತು. ಸುಣ್ಣ ಹೋಗಿ ಅಂಟು ಉಳಿದ ಮೇಲೆ ಕಾವಲುಗಾರನಿಲ್ಲದ ಗಂಜಿಯ ಗತಿ ಅದು. ಅತ್ತೆ ಒಂದೇ ಮಾತಿನಲ್ಲಿ ಇತ್ಯರ್ಥ ಮಾಡುತ್ತಿದ್ದರು: “ಕೆರದು ಸುಣ್ಣಾ ಹೊಡೀರಿ.”

ಆ ಮನೆ ಈಗಿಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ನಾಲ್ಕು ದಶಕ ಎಳೆದು ಮುಗಿದಾಗ ನೀರಿನ ಮಟ್ಟ 519.60 ಮೀಟರಿಗೆ ನಿಂತಿತು. ಘಟಪ್ರಭೆಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದವು, ನಾವು ನವನಗರಕ್ಕೆ ಬಂದೆವು. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂತು, ಬೆಳಕಿಂಡಿ ಹೋಗಿ ಟ್ಯೂಬ್‌ಲೈಟು. ಎರಡಡಿ ದಪ್ಪದ ಗೋಡೆ ಒಂಬತ್ತಿಂಚಾಯಿತು. ಗೋಡೆಗೆ ಪುಟ್ಟಿ, ಪ್ರೈಮರು, ಎಮಲ್ಶನ್ನು. ಪರಿಹಾರದ ಹಣ ಬಂದ ಹೊಸದರಲ್ಲಿ ಯಾರ ಮನೆ ಯಾವ ಬಣ್ಣವೆಂಬುದೇ ಸೆಕ್ಟರುಗಳ ಮಾತು.

ಮಗಳ ಮದುವೆಗೆ ಮನೆಯೆಲ್ಲ ಹೊಸದಾಗಿ ಬಳಿಸಿದಾಗ ಬಂದ ಒಂದು ದೊಡ್ಡ ಡಬ್ಬಿಯಿಂದ ಈ ಪ್ರಬಂಧ ಹುಟ್ಟಿದೆ. ಕಂಪನಿಯ ಹೆಸರು ಬೇಡ. ಮುಚ್ಚಳ ತೆಗೆದ ಪೇಂಟರು, ನಡುವಯಸ್ಸಿನವನು, ಮುಖ ಹಿಂದಕ್ಕೆಳೆದುಕೊಂಡ. “ಅಕ್ಕೋರ, ಇದು ಹಳಸಿದ ಅಂಬಲಿ ಹಂಗ ನಾರತೈತ್ರಿ” ಎಂದ. ಅಂಗಡಿಗೆ ಫೋನು ಹೋಯಿತು. ಸೀಲಿದ್ದ ಮಾಲು, ಅವನಿಗೇನು ಗೊತ್ತು, ಹಚ್ಚಿದ ಮೇಲೆ ಹೋಗುತ್ತದೆ ಎಂದರು. ಹಂದರದ ದಿನ ಹತ್ತಿರವಿತ್ತು, ಮನೆಯವರು ಹಚ್ಚಲು ಹೇಳಿದರು. ಒಣಗಿದ ಮೇಲೂ ಹೋಗಲಿಲ್ಲ. ಬೆಳಿಗ್ಗೆ ಅಷ್ಟಕ್ಕಷ್ಟೆ, ಮಧ್ಯಾಹ್ನ ಬಿಸಿಲಿಗೆ ಗೋಡೆ ಕಾದಂತೆ ಏಳುತ್ತಿತ್ತು, ಮಳೆ ಬಂದ ರಾತ್ರಿ ಇನ್ನೂ ಹೆಚ್ಚು. ಬೆಕ್ಕಿನ ಮೂತ್ರ, ಹುಳಿತ ಹಾಲು, ಕೊಳೆತ ಮೊಟ್ಟೆ, ಒಬ್ಬೊಬ್ಬರ ಮೂಗಿಗೆ ಒಂದೊಂದು. ಬೀಗರೆದುರು ಧೂಪ ಹಾಕಿದೆವು. ಕಾಫಿಪುಡಿ, ಹೆಚ್ಚಿದ ಉಳ್ಳಾಗಡ್ಡಿ, ಕರ್ಪೂರ, ನೆರೆಯವರು ಹೇಳಿದ್ದೆಲ್ಲ ಇಟ್ಟೆವು. ನಾತದ ಜೊತೆಗೆ ಉಳ್ಳಾಗಡ್ಡಿಯೂ ನಾರಿತು.

ಕಾರಣದಲ್ಲಿ ಗುಟ್ಟೇನಿಲ್ಲ. ಎಮಲ್ಶನ್ ಎಂದರೆ ನೀರು, ಅಂಟಿನ ಕಣಗಳು, ಬಿಳುಪಿನ ಪುಡಿ; ಅದರೊಳಗೆ ನುಣುಪಾದ ಸುಣ್ಣಕಲ್ಲಿನ ಹಿಟ್ಟೂ ಇರುತ್ತದೆ, ಆದರೆ ಸುಡದ ಕಲ್ಲಾದ್ದರಿಂದ ಕೊಲ್ಲುವ ಗುಣವಿಲ್ಲ. ಮಂದವಾಗಲು ಸೆಲ್ಯುಲೋಸಿನಿಂದ ಮಾಡಿದ ಪದಾರ್ಥ ಹಾಕುತ್ತಾರೆ. ಹೆಸರು ಏನೇ ಇರಲಿ, ಅದೂ ಗಂಜಿಯ ಬಳಗವೇ. ಕಾಯಲು ಔಷಧಿ ಸೇರಿಸಿರುತ್ತಾರೆ. ಅದು ಕಡಿಮೆ ಬಿದ್ದರೆ, ನೀರು ಹೊಲಸಾಗಿದ್ದರೆ, ಡಬ್ಬಿ ಬಿಸಿಲಿನ ಗೋದಾಮಿನಲ್ಲಿ ಬಹಳ ದಿನ ಕೂತರೆ ಗಾಳಿ ಬೇಡದ ಬ್ಯಾಕ್ಟೀರಿಯಾ ಒಳಗೇ ಸಂಸಾರ ಹೂಡುತ್ತವೆ. ಹುಳಿ ಆಮ್ಲಗಳು, ಗಂಧಕದ ಅನಿಲ ಅವುಗಳ ಉಸಿರು. ನೀಲಗಾರನ ಬಾನಿಯಲ್ಲಿ ಕೆಲಸಕ್ಕಿದ್ದವರ ದೂರದ ನೆಂಟರು ಇಲ್ಲಿ ಕರೆಯದೆ ಬಂದಿದ್ದರು.

ನನಗೆ ಸಿಟ್ಟು ತರಿಸಿದ್ದು ನಾತಕ್ಕಿಂತ ಫೋನಿನ ಉತ್ತರ. ಅಜ್ಜಿ ಗಡಿಗೆ ಮೂಸಿದರೆ ಕೆಲಸ ನಿಲ್ಲುತ್ತಿತ್ತು. ನೀಲಗಾರ ಮೂಗು ಮುರಿದರೆ ನೂಲು ಬಾನಿಗೆ ಇಳಿಯುತ್ತಿರಲಿಲ್ಲ. ನಮ್ಮ ಪೇಂಟರನ ಮೂಗು ಅವರಿಗಿಂತ ಕಡಿಮೆಯದಲ್ಲ, ಒಂದೇ ಉಸಿರಿಗೆ ಸರಿಯಾದ ತೀರ್ಪು ಕೊಟ್ಟಿತ್ತು. ಅದರ ಮಾತು ನಡೆಯುವ ಜಾಗವೇ ಈಗ ಉಳಿದಿಲ್ಲ.

ಮೂಗಿಗೆ ಎಲ್ಲವೂ ತಿಳಿಯುತ್ತದೆಂದು ಇದರರ್ಥವಲ್ಲ. ಸೀಸಕ್ಕೆ ವಾಸನೆಯಿಲ್ಲ. ಕಿಟಕಿ ಬಾಗಿಲಿನ ಎಣ್ಣೆಬಣ್ಣಗಳಲ್ಲಿ ಎಷ್ಟೋ ಕಾಲ ಅದು ಹೇರಳವಾಗಿತ್ತು, ಮಕ್ಕಳು ಕಿತ್ತು ಬಾಯಿಗೆ ಹಾಕಿದ ಚಕ್ಕೆಯಲ್ಲೂ ಇತ್ತು. 2017ರ ನವೆಂಬರಿನಿಂದ ನಮ್ಮ ದೇಶದಲ್ಲಿ ಮನೆಬಣ್ಣಕ್ಕೆ 90 ಪಿಪಿಎಂ ಮಿತಿ ಜಾರಿಯಾಯಿತು. ಅಲ್ಲಿ ಪ್ರಯೋಗಾಲಯವೇ ಬೇಕು, ಅಜ್ಜಿಯಿಂದಾಗದು. ಹಳಸಿದ ಬಣ್ಣಕ್ಕೆ ಮಾತ್ರ ಅಜ್ಜಿ ಸಾಕಿತ್ತು.

ಮದುವೆ ಮುಗಿದ ಮೇಲೆ ಅದೇ ಪೇಂಟರನನ್ನು ಕರೆಸಿದೆ. ಬಣ್ಣದ ಮೇಲೆ ಸುಣ್ಣ ಹೊಡೆಯೋಣವೇ ಎಂದರೆ ನಿಲ್ಲುವುದಿಲ್ಲ, ಪೊರೆ ಬಿಡುತ್ತದೆ ಎಂದ. ಎರಡು ಕೋಣೆಗಳ ಗೋಡೆಯನ್ನು ಪುಟ್ಟಿ ಸಮೇತ ಗಾರೆಯವರೆಗೆ ಕೆರೆಸಿ, ಸೋಡಾ ನೀರಿನಲ್ಲಿ ತೊಳೆದು, ತಿಳಿಯಾದ ಬ್ಲೀಚಿಂಗ್ ಪುಡಿಯ ನೀರು ಬಳಿದು, ಕಿಟಕಿ ತೆರೆದಿಟ್ಟು ಒಣಗಿಸಿದೆವು. ಹಿಂದಿನ ಕೋಣೆಗೆ ಸುಣ್ಣ. ಉಳಿದ ಗೋಡೆಗಳನ್ನು ಕೆರೆಯುವ ಶಕ್ತಿ ನಮಗಿರಲಿಲ್ಲ; ಬಡಿಗೇರರು ಪಾಲಿಶಿಗೆ ಬಳಸುವ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಎರಡು ಕೈ ಹಚ್ಚಿ ನಾತವನ್ನು ಒಳಗೇ ಮುಚ್ಚಿ, ಮೇಲೆ ಬೇರೆ ಬಣ್ಣ ಹೊಡೆಸಿದ್ದಾಯಿತು. ಅಂಗಡಿಯವರು ಕೊನೆಗೆ ಡಬ್ಬಿಗೆ ಡಬ್ಬಿ ಕೊಟ್ಟರು. ಕೂಲಿ ಕೊಡಲಿಲ್ಲ, ಕೂಲಿಯೇ ಬಣ್ಣಕ್ಕಿಂತ ಹೆಚ್ಚಾಗಿತ್ತು. ಪೇಂಟರು ಈಗ ಹೊಸ ಕೆಲಸ ಒಪ್ಪುವಾಗ ಒಂದು ಷರತ್ತು ಹಾಕುತ್ತಾನಂತೆ: ಡಬ್ಬಿಯನ್ನು ಅಂಗಡಿಯ ಕಟ್ಟೆಯ ಮೇಲೇ ಬಿಚ್ಚಬೇಕು, ಮೊದಲು ತಾನು ಮೂಸಬೇಕು, ಆಮೇಲೆ ರೊಕ್ಕ. ಕೆಲವು ಅಂಗಡಿಗಳವರು ಬೈದು ಕಳಿಸುತ್ತಾರೆ, ಕೆಲವರು ಬಿಚ್ಚಿ ಕೊಡುತ್ತಾರೆ.