ಸಿ ಭಾಷೆಯ ಘೋಷಣೆಗಳು: ಹುಟ್ಟು ಮತ್ತು ತೊಡಕು

ಸಿ ಭಾಷೆಯ ಘೋಷಣೆಗಳ ತೊಡಕಿಗೆ ಬೇರು ಅದರ ಪೂರ್ವಿಕ ಭಾಷೆಗಳಲ್ಲಿದೆ. ಮಾರ್ಟಿನ್ ರಿಚರ್ಡ್ಸ್ ರೂಪಿಸಿದ ಬಿಸಿಪಿಎಲ್‌ನಲ್ಲಾಗಲಿ, ಅದನ್ನು ಕಿರಿದುಗೊಳಿಸಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಕಟ್ಟಿದ ಬಿ ಭಾಷೆಯಲ್ಲಾಗಲಿ ದತ್ತಾಂಶ ಪ್ರಕಾರಗಳೇ ಇರಲಿಲ್ಲ. ವರ್ಡ್ ಎಂಬ ಒಂದೇ ಅಳತೆಯ ಕೋಶದಲ್ಲಿ ಸಂಖ್ಯೆ, ಅಕ್ಷರ, ಮೆಮೊರಿ ವಿಳಾಸ ಎಲ್ಲವೂ ಕೂರುತ್ತಿದ್ದವು. ಪ್ರಕಾರವೇ ಇಲ್ಲದ ಮೇಲೆ ಅದನ್ನು ಸಾರುವ ಗೋಜೂ ಇರಲಿಲ್ಲ.

1970ರಲ್ಲಿ ಬಂದ ಪಿಡಿಪಿ-11 ಯಂತ್ರ ಈ ಏರ್ಪಾಡನ್ನು ಕದಲಿಸಿತು. ಅದರಲ್ಲಿ ಬೈಟಿಗೊಂದು ವಿಳಾಸ, ವರ್ಡ್ ಎಂದರೆ ಎರಡು ಬೈಟ್. ಬಿ ಭಾಷೆಯ ಪಾಯಿಂಟರ್ ಎಣಿಸುತ್ತಿದ್ದುದು ವರ್ಡ್‌ಗಳನ್ನು. ಬಳಸಿದಾಗಲೆಲ್ಲ ಅದನ್ನು ಬೈಟ್ ವಿಳಾಸಕ್ಕೆ ತಿರುಗಿಸಬೇಕಾಯಿತು. 1971ರಲ್ಲಿ ಡೆನ್ನಿಸ್ ರಿಚಿ ಬಿ ಭಾಷೆಗೆ ಇಂಟ್, ಚಾರ್ ಎಂಬ ಪ್ರಕಾರಗಳನ್ನೂ ಅವುಗಳ ಅರೇ, ಪಾಯಿಂಟರ್‌ಗಳನ್ನೂ ಸೇರಿಸಿದರು.

ನಿರ್ಣಾಯಕ ತಿರುವು ತಂದದ್ದು ಯೂನಿಕ್ಸ್ ಡೈರೆಕ್ಟರಿಯ ಒಂದು ದಾಖಲೆ. ಎರಡು ಬೈಟಿನ ಐನೋಡ್ ಸಂಖ್ಯೆ, ಅದರ ಬೆನ್ನಿಗೇ 14 ಬೈಟಿನ ಕಡತದ ಹೆಸರು: ಇಷ್ಟೇ ಅದರ ಮೈ. ಹಳೆಯ ಪದ್ಧತಿಯಂತೆ ಅರೇಗೆ ಮೆಮೊರಿಯಲ್ಲೊಂದು ಪಾಯಿಂಟರ್ ಇಡುವುದಾದರೆ ಈ 16 ಬೈಟಿನಲ್ಲಿ ಅದಕ್ಕೆ ಜಾಗವೆಲ್ಲಿ? ರಿಚಿ ಆ ಪಾಯಿಂಟರನ್ನೇ ಕೈಬಿಟ್ಟರು. ಅರೇಯ ಹೆಸರು ಉಕ್ತಿಯಲ್ಲಿ ಬಂದಾಗ ಮಾತ್ರ ಮೊದಲ ಅಂಶದ ವಿಳಾಸವಾಗುತ್ತದೆ ಎಂಬ ನಿಯಮ ಹೀಗೆ ಹುಟ್ಟಿತು. ಅರೇಯೂ ಪಾಯಿಂಟರೂ ಒಂದೇ ಎಂದು ಇಂದಿಗೂ ತಪ್ಪಾಗಿ ಹೇಳಿಕೊಡುವುದುಂಟು. ಈ ಇತಿಹಾಸ ಗೊತ್ತಿದ್ದರೆ ಆ ತಪ್ಪು ಆಗದು.

ಎರಡನೆಯ ತೀರ್ಮಾನ ಬರವಣಿಗೆಯದು: ವೇರಿಯಬಲ್ಲನ್ನು ಬಳಸುವ ರೂಪದಲ್ಲೇ ಘೋಷಿಸಬೇಕು. ‘ಇಂಟ್ *ಪ’ ಎಂದರೆ ‘*ಪ’ ಎಂದು ಬರೆದಾಗ ಸಿಗುವುದು ಇಂಟ್. ಚಿಕ್ಕ ಘೋಷಣೆಗಳಲ್ಲಿ ಇದು ಸೊಗಸು. ಆದರೆ ನಕ್ಷತ್ರ ಚಿಹ್ನೆ ಹೆಸರಿನ ಎಡಕ್ಕೂ, ಅರೇ ಮತ್ತು ಫಂಕ್ಷನ್‌ನ ಆವರಣಗಳು ಬಲಕ್ಕೂ ಬರುತ್ತವೆ, ಬಲದ್ದಕ್ಕೆ ಆದ್ಯತೆ. ಹಾಗಾಗಿ ‘ಇಂಟ್ *ಸಾಲು[10]’ ಎಂಬುದು ಹತ್ತು ಪಾಯಿಂಟರ್‌ಗಳ ಅರೇ. ‘ಇಂಟ್ (*ಸಾಲು)[10]’ ಹತ್ತು ಇಂಟ್‌ಗಳ ಅರೇಯತ್ತ ಬೊಟ್ಟು ಮಾಡುವ ಒಂದೇ ಪಾಯಿಂಟರ್. ಸಾಮಾನ್ಯ 64-ಬಿಟ್ ಯಂತ್ರದಲ್ಲಿ ಮೊದಲನೆಯದು 80 ಬೈಟ್, ಎರಡನೆಯದು 8. (ಕೀವರ್ಡ್‌ಗಳನ್ನು ಇಲ್ಲಿ ಓದಿಗಾಗಿ ಕನ್ನಡದಲ್ಲಿ ಬರೆದಿದೆ, ವೇರಿಯಬಲ್ ಹೆಸರುಗಳಿಗಾದರೆ 1999ರ ಮಾನಕವೇ ಕನ್ನಡ ಅಕ್ಷರಗಳನ್ನು ಒಪ್ಪಿದೆ.)

‘ಚಾರ್ *(*ಊರು[4])(ಇಂಟ್)’ ಎಂಬುದನ್ನೂ ಹೆಸರಿನಿಂದಲೇ ಬಿಡಿಸಬೇಕು. ಊರು ನಾಲ್ಕು ಅಂಶಗಳ ಅರೇ. ಪ್ರತಿ ಅಂಶವೂ ಪಾಯಿಂಟರ್. ಅದು ತೋರುವುದು ಇಂಟ್ ಪಡೆಯುವ ಫಂಕ್ಷನ್ನನ್ನು. ಫಂಕ್ಷನ್ ಮರಳಿಸುವುದು ಚಾರ್ ಪಾಯಿಂಟರ್. ನಕ್ಷತ್ರ ಚಿಹ್ನೆ ಹೆಸರಿನ ಬಲಕ್ಕಿದ್ದಿದ್ದರೆ ಇವು ಸರಳವಾಗುತ್ತಿದ್ದವೆಂದು ರವಿ ಸೇಥಿ 1981ರಲ್ಲಿ ತೋರಿಸಿದರು. ಅಷ್ಟರಲ್ಲಿ ಯೂನಿಕ್ಸ್ ಕರ್ನೆಲ್ ಸಿ ಭಾಷೆಗೆ ಬಂದು ಎಂಟು ವರ್ಷ ಕಳೆದಿತ್ತು, ಬದಲಿಸುವಂತಿರಲಿಲ್ಲ. ಉಳಿದ ದಾರಿ ಟೈಪ್‌ಡೆಫ್: ಒಳಗಿನ ಪ್ರಕಾರಕ್ಕೊಂದು ಹೆಸರಿಟ್ಟು ಘೋಷಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವುದು. ಕರ್ನಿಗನ್ ಮತ್ತು ರಿಚಿ ಸಿ ಭಾಷೆಯ ಬಗೆಗಿನ ತಮ್ಮ ಪುಸ್ತಕದ 1988ರ ಆವೃತ್ತಿಯಲ್ಲಿ ಘೋಷಣೆಯನ್ನು ಮಾತಿಗೆ ತಿರುಗಿಸುವ ಪ್ರೋಗ್ರಾಮನ್ನೇ ಕೊಟ್ಟಿದ್ದಾರೆ.

ರಾಣೆಬೆನ್ನೂರಿನ ಎಸ್‌ಟಿಜೆ ತಾಂತ್ರಿಕ ಕಾಲೇಜು, ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಾಠಗಳಲ್ಲಿ ಸಿ ಭಾಷೆಯೂ ಇದೆ. ಅಲ್ಲಿನ ವಿದ್ಯಾರ್ಥಿಗೆ ಒಂದು ಬೈಟಿನ ಚಾರ್ ಪ್ರಕಾರದ ಮಿತಿ ತಿಳಿಯಲು ರಾಣೆಬೆನ್ನೂರು ತಾಲೂಕಿನ ಒಂದು ಊರಿನ ಹೆಸರು ಸಾಕು. ‘ಹಲಗೇರಿ’ಯನ್ನು ಓದುವವರಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಗೇ, ರಿ ಎರಡರಲ್ಲೂ ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ. ಒಟ್ಟು ಆರು ಸಂಕೇತ. 1992ರಲ್ಲಿ ಅದೇ ಥಾಂಪ್ಸನ್ ರಾಬ್ ಪೈಕ್ ಜೊತೆಗೂಡಿ ರೂಪಿಸಿದ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್. ಆರಕ್ಕೆ 18, ಕೊನೆಯ ಶೂನ್ಯ ಸೇರಿ 19. ರಿಚಿಯವರ 14 ಬೈಟಿನ ಅರೇಯಲ್ಲಿ ‘ಹಲಗೇ’ ಹಿಡಿಸಿ, ರಕಾರ ಎರಡು ಬೈಟಿಗೇ ತುಂಡಾಗುತ್ತಿತ್ತು.

ಚಾರ್ ಪಾಯಿಂಟರಿಗೆ ಒಂದನ್ನು ಕೂಡಿಸಿದರೆ ಅದು ‘ಲ’ದತ್ತ ಹೋಗದೆ ‘ಹ’ದ ನಡುವೆಯೇ ನಿಲ್ಲುತ್ತದೆ. 2011ರ ಮಾನಕ ತಂದ ಚಾರ್32_ಟಿ ಪ್ರಕಾರದಲ್ಲಿ ಪಾಯಿಂಟರಿನ ಒಂದು ಹೆಜ್ಜೆ ಒಂದು ಇಡೀ ಸಂಕೇತವನ್ನು ದಾಟುತ್ತದೆ. ‘ಗೇ’ ದಾಟಲು ಅಲ್ಲೂ ಎರಡು ಹೆಜ್ಜೆ ಬೇಕು.